ದಾನಕ್ಕಿಂತ ಪಾಲನೆ: ಭೂನ್ಯಾಸದ ತತ್ತ್ವ ಮತ್ತು ಮೆಂಢಾ ಗ್ರಾಮದ ಅನುಭವ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳ ಸಾತಬಾರಾ ಉತಾರಗಳನ್ನು ತೆಗೆದು ನೋಡಿದರೆ, ಕೆಲವು ಗಟ್ ನಂಬರುಗಳ ಮುಂದೆ ಯಾವ ರೈತನ ಹೆಸರೂ ಕಾಣುವುದಿಲ್ಲ. ‘ಗಾಯರಾನ’ ಎಂಬ ನಮೂದು ಮಾತ್ರ ಇರುತ್ತದೆ. ಕರ್ನಾಟಕದ ಕಂದಾಯ ಭಾಷೆಯಲ್ಲಿ ಇದನ್ನೇ ಗೋಮಾಳ ಎನ್ನುತ್ತಾರೆ. ದನ ಮೇಯುವುದಕ್ಕೆ, ಕುರಿಹಿಂಡು ಬೀಡುಬಿಡುವುದಕ್ಕೆ, ಸೌದೆ ಆಯುವುದಕ್ಕೆ ಊರವರೆಲ್ಲ ಬಳಸುತ್ತ ಬಂದ ನೆಲವಿದು. ಎಲ್ಲರದೂ ಆದುದರಿಂದಲೇ ಇದನ್ನು ತನ್ನದೆಂದು ಕಾಯುವವನು ಇಲ್ಲವಾಗಿ, ಮೊದಲು ಒಂದು ಬೇಲಿ, ಬಳಿಕ ಒಂದು ಗುಡಿಸಲು, ಆಮೇಲೆ ಮುರುಮಿನ ಗುಂಡಿ, ಹೀಗೆ ಗಾಯರಾನಗಳು ಸವೆಯುತ್ತ ಬಂದಿವೆ. ದೇಶದೆಲ್ಲೆಡೆ ಇದೇ ಸ್ಥಿತಿಯಿರುವುದನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ, ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವುಗೊಳಿಸಿ ಅವುಗಳನ್ನು ಗ್ರಾಮಸಮುದಾಯಕ್ಕೆ ಮರಳಿಸುವ ಯೋಜನೆಗಳನ್ನು ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಆದರೆ ಮರಳಿ ಪಡೆದ ನೆಲವನ್ನು ಮುಂದೆ ಕಾಯುವವರು ಯಾರು? ಒಬ್ಬನ ಸ್ವತ್ತಾದರೆ ಅದು ನಾಳೆ ಮಾರಾಟವಾಗಬಹುದು; ಸರ್ಕಾರದ ಸ್ವತ್ತಾದರೆ ಇನ್ನೊಂದು ಯೋಜನೆಗೆ ಹೋಗಬಹುದು. ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ಜಗತ್ತಿನ ಹಲವು ಸಮುದಾಯಗಳು ಕಂಡುಕೊಂಡಿವೆ. ಆ ದಾರಿಯ ಹೆಸರು ಭೂನ್ಯಾಸ. ಅದರ ಸ್ವರೂಪವನ್ನೂ ಕನ್ನಡದ ಶಾಸನಪರಂಪರೆಯೊಡನೆ ಅದಕ್ಕಿರುವ ಹೋಲಿಕೆಯನ್ನೂ ಮಹಾರಾಷ್ಟ್ರದ ಒಂದು ಸಣ್ಣ ಗ್ರಾಮ ಅದನ್ನು ಬಾಳಿ ತೋರಿದ ಬಗೆಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಭೂನ್ಯಾಸವೆಂದರೇನು?

‘ನ್ಯಾಸ’ ಎಂದರೆ ಮತ್ತೊಬ್ಬರ ನಂಬಿಕೆಯ ಮೇಲೆ ಇರಿಸಿದ ವಸ್ತು. ಆಂಗ್ಲ ಕಾನೂನಿನ ಟ್ರಸ್ಟ್ ಎಂಬ ಪದಕ್ಕೆ ಮರಾಠಿಯಲ್ಲಿ ಈ ಶಬ್ದವೇ ಬಳಕೆಯಲ್ಲಿದೆ. ಕನ್ನಡದಲ್ಲಿ ಸಂಸ್ಥೆಯನ್ನು ವಿಶ್ವಸ್ಥ ಮಂಡಳಿ ಎಂದೂ ಅದನ್ನು ನಡೆಸುವವರನ್ನು ಧರ್ಮದರ್ಶಿಗಳೆಂದೂ ಕರೆಯುವುದುಂಟು. ಈ ಏರ್ಪಾಟಿನಲ್ಲಿ ಮೂವರಿರುತ್ತಾರೆ: ಕೊಡುವವನು, ಕಾಪಾಡುವವನು, ಫಲ ಉಣ್ಣುವವನು. ಕಾಗದದ ಮೇಲೆ ಒಡೆತನ ಕಾಪಾಡುವವನದು. ಆದರೆ ಅದರ ಫಲವನ್ನು ತಾನು ಅನುಭವಿಸುವ ಅಧಿಕಾರ ಅವನಿಗಿಲ್ಲ. ಹೆಸರನ್ನೂ ಭೋಗವನ್ನೂ ಬೇರ್ಪಡಿಸಿರುವುದೇ ನ್ಯಾಸದ ಜೀವಾಳ.

ನೆಲದ ವಿಷಯದಲ್ಲಿ ಈ ತತ್ತ್ವ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಲು ಒಡೆತನವನ್ನು ಹಕ್ಕುಗಳ ಒಂದು ಕಟ್ಟು ಎಂದು ಭಾವಿಸಬೇಕು. ಉಳುವ ಹಕ್ಕು, ಮೇಯಿಸುವ ಹಕ್ಕು, ನೀರೆತ್ತುವ ಹಕ್ಕು, ಕಟ್ಟಡ ಕಟ್ಟುವ ಹಕ್ಕು, ಕಲ್ಲುಮಣ್ಣು ಅಗೆಯುವ ಹಕ್ಕು, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು, ಕೊನೆಗೆ ಮಾರುವ ಹಕ್ಕು, ಇವೆಲ್ಲ ಆ ಕಟ್ಟಿನ ಎಳೆಗಳು. ಸಾಮಾನ್ಯವಾಗಿ ಇವೆಲ್ಲವೂ ಒಬ್ಬನ ಕೈಯಲ್ಲಿರುತ್ತವೆ. ಭೂನ್ಯಾಸವು ಇವುಗಳಲ್ಲಿ ಕೆಲವು ಎಳೆಗಳನ್ನು, ಮುಖ್ಯವಾಗಿ ಮಾರುವ ಮತ್ತು ಕೆಡಿಸುವ ಹಕ್ಕುಗಳನ್ನು, ಬಿಡಿಸಿ ತೆಗೆದು ಯಾರ ಕೈಗೂ ಸಿಗದಂತೆ ಇರಿಸುತ್ತದೆ.

ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸಂಸ್ಥೆಯೇ ನೆಲವನ್ನು ಕೊಂಡೋ ದಾನವಾಗಿ ಪಡೆದೋ ಇಟ್ಟುಕೊಳ್ಳುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಉದ್ಯಾನಶಿಲ್ಪಿಯ ಪ್ರಯತ್ನದಿಂದ 1891ರಲ್ಲಿ ಇಂಥ ಸಂಸ್ಥೆಯೊಂದು ಹುಟ್ಟಿತು. ಇಂಗ್ಲೆಂಡಿನಲ್ಲಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪನೆಯಾಯಿತು. ಬ್ರಿಟಿಷ್ ಸಂಸತ್ತು 1907ರಲ್ಲಿ ಈ ಸಂಸ್ಥೆಗಾಗಿಯೇ ಒಂದು ಶಾಸನ ಮಾಡಿ, ಅದು ತನ್ನ ನೆಲವನ್ನು ‘ಪರಭಾರೆ ಮಾಡಲಾಗದ್ದು’ ಎಂದು ಘೋಷಿಸುವ ಅಧಿಕಾರವನ್ನು ಕೊಟ್ಟಿತು. ಹಾಗೆ ಘೋಷಿತವಾದ ನೆಲವನ್ನು ಸಂಸ್ಥೆ ತಾನೇ ಬಯಸಿದರೂ ಮಾರುವಂತಿಲ್ಲ. ಎರಡನೆಯ ಬಗೆಯಲ್ಲಿ ನೆಲ ರೈತನ ಹೆಸರಿನಲ್ಲಿಯೇ ಉಳಿಯುತ್ತದೆ. ಅವನು ಉಳಬಹುದು, ಮಕ್ಕಳಿಗೆ ಬಿಡಬಹುದು, ಮಾರಲೂಬಹುದು. ಆದರೆ ಅಲ್ಲಿ ಬಡಾವಣೆ ಮಾಡುವ, ಗಣಿ ತೋಡುವ ಹಕ್ಕನ್ನು ಒಂದು ನೋಂದಾಯಿತ ಕರಾರಿನ ಮೂಲಕ ಬಿಟ್ಟುಕೊಟ್ಟಿರುತ್ತಾನೆ. ಆ ಕರಾರು ನೆಲದೊಡನೆಯೇ ಸಾಗುತ್ತದೆ. ಮುಂದೆ ಕೊಂಡವನೂ ಅದಕ್ಕೆ ಬದ್ಧ. ಅಮೆರಿಕದ ಸ್ಥಳೀಯ ಭೂನ್ಯಾಸಗಳ ಬಹುಪಾಲು ಕೆಲಸ ಇಂಥ ಕರಾರುಗಳನ್ನು ಮಾಡಿಸಿಕೊಂಡು, ವರ್ಷವರ್ಷವೂ ಹೊಲಕ್ಕೆ ಹೋಗಿ ಅವು ಪಾಲನೆಯಾಗುತ್ತಿವೆಯೇ ಎಂದು ನೋಡುವುದರಲ್ಲಿದೆ.

ಭಾರತದ ಕಾನೂನಿನಲ್ಲಿಯೂ ಇದರ ಛಾಯೆಗಳಿವೆ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಅಧಿನಿಯಮದಂತೆ, ಧರ್ಮಾದಾಯ ಆಯುಕ್ತರ ಪೂರ್ವಾನುಮತಿಯಿಲ್ಲದೆ ನ್ಯಾಸದ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ನದಿ, ಅರಣ್ಯ, ಕಡಲತೀರಗಳಂಥ ಸಂಪತ್ತಿಗೆ ಸರ್ಕಾರವೂ ಒಡೆಯನಲ್ಲ, ಜನರ ಪರವಾದ ವಿಶ್ವಸ್ಥ ಮಾತ್ರ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಎತ್ತಿಹಿಡಿಯಿತು.

ಶಾಸನಗಳು ಬಲ್ಲ ಮಾತು

ಮಾರಲಾಗದಂತೆ ನೆಲವನ್ನು ಬಿಟ್ಟುಕೊಡುವ ಈ ಕಲ್ಪನೆ ಕನ್ನಡದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಹಳಗನ್ನಡದ ದತ್ತಿಶಾಸನಗಳನ್ನು ಓದಿದವರಿಗೆ ಅದರ ಪದಸಂಪತ್ತು ಕೈಯಲ್ಲಿಯೇ ಇದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ನೆಲ ಕಟ್ಟುಗೊಡಗೆ, ಕೆರೆಗೊಡಗೆ. ತೆರಿಗೆ ಮೊದಲಾದ ಬಾಧೆಗಳಿಂದ ಮುಕ್ತವಾಗಿ ಕೊಟ್ಟದ್ದು ಸರ್ವನಮಸ್ಯ. ನೀರೆರೆದು ಕೊಟ್ಟದ್ದು ಧಾರಾಪೂರ್ವಕ ದತ್ತಿ. ಸೊಲ್ಲಾಪುರ ಜಿಲ್ಲೆಯ ಊರೂರುಗಳಲ್ಲಿ ಇಂಥ ಕನ್ನಡ ಶಾಸನಗಳು ನಿಂತಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಅವುಗಳನ್ನು ಸಂಪಾದಿಸಿ ಕೊಟ್ಟಿದ್ದಾರೆ. ಸೊನ್ನಲಿಗೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕಟ್ಟಿಸಿದ ಕೆರೆ ಇಂದಿಗೂ ಸೊಲ್ಲಾಪುರ ನಗರದ ನಡುವೆ ಇದೆ.

ದತ್ತಿಶಾಸನವೊಂದರ ಅಂಗಗಳನ್ನು ಬಿಡಿಸಿ ನೋಡಿದರೆ ಅದು ಇಂದಿನ ನ್ಯಾಸಪತ್ರಕ್ಕೆ ಎಷ್ಟು ಹತ್ತಿರವಿದೆಯೆಂಬುದು ತಿಳಿಯುತ್ತದೆ. ಅಲ್ಲಿ ಕೊಟ್ಟವನ ಹೆಸರಿದೆ, ಕೊಟ್ಟ ಕಾಲವಿದೆ, ಕೊಟ್ಟ ಉದ್ದೇಶವಿದೆ. ಯಾವ ಗಳೆಯಿಂದ ಅಳೆದು ಎಷ್ಟು ಮತ್ತರು ಕೊಟ್ಟರೆಂಬ ಲೆಕ್ಕವಿದೆ. ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ನಟ್ಟ ಕಲ್ಲು, ಪಡುವಣಕ್ಕೆ ಹೆದ್ದಾರಿ ಎಂಬಂತೆ ಎಲ್ಲೆಗಳ ವಿವರವಿದೆ. ಗಾವುಂಡರು, ಮಹಾಜನರು, ನಖರ ಮುಂತಾದವರ ಸನ್ನಿಧಿಯಿದೆ. ಕಡೆಯಲ್ಲಿ ಶಾಪಾಶಯವಿದೆ: ಧರ್ಮವನ್ನು ರಕ್ಷಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ದಾನಮಾಡಿದ ಪುಣ್ಯ, ಅಳಿದವನಿಗೆ ಅವುಗಳನ್ನು ಕೊಂದ ಪಾಪ.

ಈ ಶಾಪಾಶಯದ ಭಾಗವನ್ನು ವಿದ್ಯಾರ್ಥಿಗಳು ರೂಢಿಯ ಮಾತೆಂದು ದಾಟಿಬಿಡುವುದುಂಟು. ಆದರೆ ಅದರಲ್ಲಿ ಪದೇಪದೇ ಬರುವ ಒಂದು ವಿಚಾರ ಗಮನಾರ್ಹವಾಗಿದೆ: ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಹೆಚ್ಚಿನದು, ತಾನು ಕೊಟ್ಟದ್ದನ್ನು ಕಾಯುವುದಕ್ಕಿಂತ ಇತರರು ಕೊಟ್ಟುಹೋದದ್ದನ್ನು ಕಾಯುವುದು ಮೇಲು. ಕೊಡುವ ಕೆಲಸ ಒಂದು ದಿನದ್ದು, ಕಾಯುವ ಕೆಲಸ ತಲೆಮಾರುಗಳದು ಎಂಬುದನ್ನು ಶಾಸನಕಾರರು ಚೆನ್ನಾಗಿ ಅರಿತಿದ್ದರು. ಇದರ ಮಿತಿಯನ್ನೂ ಹೇಳಬೇಕು. ದತ್ತಿಯ ಫಲ ಬಹುಮಟ್ಟಿಗೆ ದೇವಾಲಯ, ಅಗ್ರಹಾರ, ಮಠಗಳಿಗೆ ಸಲ್ಲುತ್ತಿತ್ತು. ಆ ನೆಲವನ್ನು ಉಳುತ್ತಿದ್ದವರ ಮಾತು ಶಾಸನದ ಕಲ್ಲಿನ ಮೇಲೆ ಕೇಳಿಸುವುದು ಅಪರೂಪ. ಪಾಲನೆಯ ಹೊಣೆ ಉಳುವವರ ಕೈಗೇ ಬಂದರೆ ಏನಾಗಬಹುದೆಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ಇಪ್ಪತ್ತನೆಯ ಶತಮಾನ.

ಭೂದಾನದಿಂದ ಗ್ರಾಮದಾನಕ್ಕೆ

ಸಿರಿವಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾದ ವಿಶ್ವಸ್ಥ ಎಂದು ಗಾಂಧೀಜಿ ಹೇಳುತ್ತ ಬಂದಿದ್ದರು. ಆ ಮಾತನ್ನು ನೆಲಕ್ಕೆ ಅನ್ವಯಿಸಿದವರು ವಿನೋಬಾ ಭಾವೆ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂಹೀನ ದಲಿತ ಕುಟುಂಬಗಳು ನೆಲ ಕೇಳಿದಾಗ, ಅದೇ ಊರಿನ ರಾಮಚಂದ್ರ ರೆಡ್ಡಿಯವರು ನೂರು ಎಕರೆ ಕೊಡಲು ಮುಂದೆ ಬಂದರು. ಭೂದಾನ ಚಳವಳಿ ಹುಟ್ಟಿದ್ದು ಹೀಗೆ. ಆದರೆ ದಾನವಾಗಿ ಬಂದ ನೆಲದಲ್ಲಿ ಬಹಳಷ್ಟು ಬಂಜರು ಅಥವಾ ತಕರಾರಿನದಾಗಿತ್ತು. ಫಲವತ್ತಾದ ನೆಲ ಪಡೆದ ಬಡವನೂ ಸಾಲಕ್ಕೆ ಸಿಲುಕಿ ಅದನ್ನು ಕಳೆದುಕೊಳ್ಳುವ ಸಂಭವವಿತ್ತು. ನೆಲವನ್ನು ಹಂಚಿದರೆ ಸಾಲದು, ಅದು ಮತ್ತೆ ಕೈತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಬೇಕೆಂಬ ಅರಿವಿನಿಂದ ಗ್ರಾಮದಾನದ ಕಲ್ಪನೆ ಬೆಳೆಯಿತು. ಊರಿನ ನೆಲದ ಒಡೆತನ ಗ್ರಾಮಸಮುದಾಯಕ್ಕೆ. ಸಾಗುವಳಿಯ ಹಕ್ಕು ಆಯಾ ಕುಟುಂಬಕ್ಕೆ. ಮುಂದೆ ರೂಪುಗೊಂಡ ‘ಸುಲಭ ಗ್ರಾಮದಾನ’ದಲ್ಲಿ ರೈತನು ಇಪ್ಪತ್ತರಲ್ಲಿ ಒಂದು ಪಾಲನ್ನು ಭೂಹೀನರಿಗೆ ಬಿಟ್ಟು, ಉಳಿದುದನ್ನು ವಂಶಪಾರಂಪರ್ಯವಾಗಿ ಉಳಬಹುದು; ಸಮುದಾಯದ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಪರಭಾರೆ ಮಾಡುವಂತಿಲ್ಲ.

ಕನ್ನಡ ನಾಡಿಗೂ ಈ ಚರಿತ್ರೆಗೂ ನೇರವಾದ ಸಂಬಂಧವಿದೆ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಯಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿಗೆ ಪ್ರಧಾನಿ ಜವಾಹರಲಾಲ್ ನೆಹರೂ ಸೇರಿದಂತೆ ಭಿನ್ನ ಪಕ್ಷಗಳ ಮುಖಂಡರು ಬಂದು, ಒಮ್ಮತದಿಂದ ಆ ಕಾರ್ಯಕ್ಕೆ ಬೆಂಬಲ ಸೂಚಿಸಿದರು. ಮಹಾರಾಷ್ಟ್ರವು 1964ರಲ್ಲಿ ಗ್ರಾಮದಾನ ಅಧಿನಿಯಮವನ್ನು ಮಾಡಿತು.

ಈ ಕಲ್ಪನೆ ಕಡಲು ದಾಟಿಯೂ ಹೋಯಿತು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಚಾರ್ಲ್ಸ್ ಶೆರಾಡ್, ರಾಬರ್ಟ್ ಸ್ವಾನ್ ಮೊದಲಾದವರು 1969ರಲ್ಲಿ ‘ನ್ಯೂ ಕಮ್ಯುನಿಟೀಸ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರಿಗೆ ದೊರೆತ ಪ್ರೇರಣೆಗಳಲ್ಲಿ ವಿನೋಬಾರ ಗ್ರಾಮದಾನವೂ ಒಂದು. ಸುಮಾರು 5,700 ಎಕರೆ ನೆಲವನ್ನು ಸಮುದಾಯದ ಹೆಸರಿನಲ್ಲಿ ಹಿಡಿದು ಬೇಸಾಯ ಮಾಡಿದ ಈ ಸಂಸ್ಥೆಯನ್ನು ಅಲ್ಲಿನ ಸಮುದಾಯ ಭೂನ್ಯಾಸಗಳ ಮೂಲಮಾದರಿಯೆಂದು ಪರಿಗಣಿಸುತ್ತಾರೆ. ಬರಗಾಲ ಬಂದಾಗ ಬಿಳಿಯ ರೈತರಿಗೆ ಸಿಕ್ಕ ಸರ್ಕಾರಿ ಸಾಲ ಇವರಿಗೆ ಸಕಾಲದಲ್ಲಿ ಸಿಗಲಿಲ್ಲ. ಅಡವಿಟ್ಟ ನೆಲ 1985ರಲ್ಲಿ ಹರಾಜಾಗಿ ಹೋಯಿತು. ವರ್ಣಭೇದದಿಂದ ಆದ ಈ ಅನ್ಯಾಯಕ್ಕೆ 2009ರಲ್ಲಿ 1 ಕೋಟಿ 20 ಲಕ್ಷ ಡಾಲರುಗಳ ಪರಿಹಾರ ದೊರೆಯಿತು. ನ್ಯಾಸದ ನೆಲವನ್ನು ಸಾಲಕ್ಕೆ ಒಡ್ಡಿದರೆ ಎಷ್ಟು ಒಳ್ಳೆಯ ಉದ್ದೇಶವೂ ಅದನ್ನು ಉಳಿಸಲಾರದೆಂಬುದಕ್ಕೆ ಈ ಪ್ರಕರಣ ಸಾಕ್ಷಿಯಾಗಿದೆ.

ಮೆಂಢಾ: ಸಭೆಯಿಂದ ಆರಂಭವಾದ ಸಂರಕ್ಷಣೆ

ಗ್ರಾಮದಾನದ ಕಾಯಿದೆ ಮಹಾರಾಷ್ಟ್ರದಲ್ಲಿ ಬಹುಕಾಲ ಮರೆತ ಕಡತವಾಗಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು ರಾಜ್ಯದ ಪೂರ್ವದ ಅಂಚಿನಲ್ಲಿ. ಗಡಚಿರೋಲಿ ಜಿಲ್ಲೆಯ ಧಾನೋರಾ ತಾಲೂಕಿನ ಮೆಂಢಾ ಸುಮಾರು ನೂರು ಮನೆಗಳ ಗೊಂಡ ಆದಿವಾಸಿಗಳ ಊರು. ನೆರೆಯ ಲೇಖಾ ಗ್ರಾಮದ ಹೆಸರನ್ನು ಕೂಡಿಸಿ ಇದನ್ನು ಮೆಂಢಾ-ಲೇಖಾ ಎಂದು ಕರೆಯುತ್ತಾರೆ. ಮನೆಮಾತು ಗೋಂಡಿ, ವ್ಯವಹಾರದ ಮಾತು ಮರಾಠಿ. ಸುತ್ತಲೂ ತೇಗ, ಬಿದಿರು, ಹಿಪ್ಪೆಗಳ ದಟ್ಟ ಕಾಡು.

ಈ ಕಾಡಿನಲ್ಲಿ ಸೌದೆ, ಹಣ್ಣುಹಂಪಲು, ಮನೆಕಟ್ಟಿನ ಮರ ಮೊದಲಾದುವನ್ನು ಪಡೆಯುವ ‘ನಿಸ್ತಾರ’ ಹಕ್ಕು ಊರವರಿಗೆ ಹಿಂದಿನಿಂದಲೂ ಇತ್ತು. ಕಾಡು ಸರ್ಕಾರದ ವಶವಾದ ಬಳಿಕ ಆ ಹಕ್ಕು ಕಾಗದದಲ್ಲಿ ಉಳಿದು ಕಾಡಿನಲ್ಲಿ ಕರಗುತ್ತ ಬಂತು. ಬಿದಿರಿನ ಕಟಾವು ಗುತ್ತಿಗೆಯ ಮೇಲೆ ಕಾಗದದ ಕಾರ್ಖಾನೆಗೆ ಹೋಯಿತು. 1980ರ ದಶಕದಲ್ಲಿ ಇಂದ್ರಾವತಿ ಮತ್ತು ಗೋದಾವರಿ ನದಿಗಳ ಮೇಲೆ ದೊಡ್ಡ ಅಣೆಕಟ್ಟುಗಳ ಪ್ರಸ್ತಾವ ಬಂದು, ಸಾವಿರಾರು ಎಕರೆ ಕಾಡು ಮತ್ತು ಆದಿವಾಸಿ ಹಳ್ಳಿಗಳು ಮುಳುಗುವ ಭೀತಿ ಎದುರಾದಾಗ ಜಿಲ್ಲೆಯಲ್ಲಿ ಕಾಡನ್ನೂ ಮನುಷ್ಯನನ್ನೂ ಉಳಿಸಬೇಕೆಂಬ ಚಳವಳಿ ಎದ್ದಿತು. ಮೆಂಢಾದ ಜನ ಅದರಲ್ಲಿ ಭಾಗವಹಿಸಿದರು. ಯೋಜನೆ ನಿಂತಿತು; ಆದರೆ ಹೋರಾಟದಲ್ಲಿ ಹುಟ್ಟಿದ ಪ್ರಶ್ನೆ ನಿಲ್ಲಲಿಲ್ಲ. ಹೊರಗಿನಿಂದ ಬರುವ ಆಪತ್ತನ್ನು ತಡೆದದ್ದಾಯಿತು, ಒಳಗೆ ಕಾಡನ್ನು ನೋಡಿಕೊಳ್ಳುವುದು ಹೇಗೆ?

ಊರು ಇದಕ್ಕೆ ಕಂಡುಕೊಂಡ ಉತ್ತರ ಸಭೆ. ಊರಿನ ದೇವಾಜಿ ತೋಫಾ ಮತ್ತು ಚಂದ್ರಪುರದ ವೃಕ್ಷಮಿತ್ರ ಸಂಸ್ಥೆಯ ಮೋಹನ ಹಿರಾಬಾಯಿ ಹಿರಾಲಾಲ ಅವರ ಒಡನಾಟದಲ್ಲಿ ಬೆಳೆದ ಈ ಪದ್ಧತಿಗೆ ಎರಡು ಅಂಗಗಳು. ಒಂದು ‘ಅಭ್ಯಾಸ ಗಟ’, ಅಂದರೆ ಕಾಡು, ಕಾನೂನು, ಲೆಕ್ಕಪತ್ರಗಳ ಕುರಿತು ಊರವರೂ ಹೊರಗಿನ ತಿಳಿದವರೂ ಕುಳಿತು ಚರ್ಚಿಸುವ ಗುಂಪು; ಇಲ್ಲಿ ತಿಳಿವಳಿಕೆ ಬೆಳೆಯುತ್ತದೆ, ನಿರ್ಣಯ ಆಗುವುದಿಲ್ಲ. ಇನ್ನೊಂದು ಗ್ರಾಮಸಭೆ, ಇಲ್ಲಿ ನಿರ್ಣಯ ಆಗುತ್ತದೆ, ಆದರೆ ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ. ಒಬ್ಬರ ಒಪ್ಪಿಗೆ ಇಲ್ಲವಾದರೂ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಹೆಂಗಸರು ಗಂಡಸರಷ್ಟೇ ಅಧಿಕಾರದಿಂದ ಸಭೆಯಲ್ಲಿರುತ್ತಾರೆ. ಸರಾಯಿ ನಿಷೇಧದಂಥ ಆರಂಭದ ನಿರ್ಣಯಗಳ ಹಿಂದೆ ಅವರ ಒತ್ತಾಯವೇ ಇತ್ತು. ಸರ್ವಸಮ್ಮತಿಗೆ ಸಮಯ ಹಿಡಿಯುತ್ತದೆ. ಆದರೆ ಒಪ್ಪಿ ಮಾಡಿಕೊಂಡ ನಿಯಮವನ್ನು ಮುರಿಯುವವರು ಕಡಿಮೆ. ಸೋತ ಪಕ್ಷವೊಂದು ಉಳಿಯದಿದ್ದರೆ ನಿಯಮಕ್ಕೆ ಊರೊಳಗೆ ಶತ್ರುವೂ ಇರುವುದಿಲ್ಲ. ದಿಲ್ಲಿ ಮುಂಬಯಿಗಳಲ್ಲಿ ನಮ್ಮ ಸರ್ಕಾರ, ನಮ್ಮ ಊರಿನಲ್ಲಿ ನಾವೇ ಸರ್ಕಾರ ಎಂಬ ಅರ್ಥದ ಇವರ ಘೋಷಣೆ ಮಹಾರಾಷ್ಟ್ರದಾದ್ಯಂತ ಪ್ರಸಿದ್ಧವಾಗಿದೆ.

ಹೀಗೆ ಊರು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡುಗಳು ಸರಳವಾಗಿವೆ: ಕಾಡಿಗೆ ಬೆಂಕಿ ಇಡಬಾರದು, ಹಣ್ಣಿಗಾಗಿ ಮರ ಕಡಿಯಬಾರದು, ಹೊಳೆಯಲ್ಲಿ ವಿಷ ಬೆರೆಸಿ ಮೀನು ಹಿಡಿಯಬಾರದು, ಕಾಡನ್ನು ಒತ್ತುವರಿ ಮಾಡಬಾರದು, ಸಭೆಯನ್ನು ಕೇಳದೆ ಹೊರಗಿನವರು ಏನನ್ನೂ ಒಯ್ಯಬಾರದು. ಕಾವಲಿನ ಹೊಣೆ ಊರಿನ ಮನೆಗಳದೇ.

ಕಾನೂನಿನ ಮನ್ನಣೆ ಬಂದದ್ದು ಇದೆಲ್ಲ ನಡೆದು ಎರಡು ದಶಕಗಳಾದ ಮೇಲೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಪರಂಪರೆಯಿಂದ ಕಾಡನ್ನು ಕಾಯುತ್ತ ಬಂದ ಸಮುದಾಯಕ್ಕೆ ಅದನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಹಕ್ಕನ್ನು ಮಾನ್ಯಮಾಡಿತು. ಈ ಕಾಯಿದೆಯ ಹಕ್ಕುಗಳು ಉತ್ತರಾಧಿಕಾರದಿಂದ ಬರಬಲ್ಲವು, ಪರಭಾರೆ ಆಗಲಾರವು. ನ್ಯಾಸದ ಸೂತ್ರವೇ ಇಲ್ಲಿ ಬೇರೆ ಹೆಸರಿನಿಂದ ಬಂದಿದೆ. 2009ರಲ್ಲಿ ಮೆಂಢಾಕ್ಕೆ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಸಮುದಾಯ ಹಕ್ಕಿನ ಪತ್ರ ದೊರೆಯಿತು. ದೇಶದಲ್ಲಿಯೇ ಇಂಥ ಹಕ್ಕನ್ನು ಪಡೆದ ಮೊದಲ ಗ್ರಾಮಗಳಲ್ಲಿ ಇದೊಂದು.

ಪತ್ರ ಬಂದರೂ ಬಿದಿರು ಬರಲಿಲ್ಲ. ಕಾರಣ ಒಂದು ಶಬ್ದದ ಅರ್ಥದಲ್ಲಿತ್ತು. ಭಾಷೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸಸ್ಯಶಾಸ್ತ್ರದಲ್ಲಿ ಬಿದಿರು ಹುಲ್ಲಿನ ಜಾತಿ. ಆದರೆ 1927ರ ಭಾರತೀಯ ಅರಣ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ‘ಮರ’ ಎಂಬ ಪದ ಬಿದಿರನ್ನೂ ಒಳಗೊಂಡಿತ್ತು. ಮರವಾದರೆ ಅದು ಇಲಾಖೆಯದು. ಕಿರು ಅರಣ್ಯ ಉತ್ಪನ್ನವಾದರೆ ಜನರದು. 2006ರ ಕಾಯಿದೆ ಬಿದಿರನ್ನು ಸ್ಪಷ್ಟವಾಗಿ ಕಿರು ಉತ್ಪನ್ನಗಳ ಪಟ್ಟಿಗೆ ಸೇರಿಸಿದ್ದರೂ, ಸಾಗಣೆಯ ಪರವಾನಗಿ ಇಲ್ಲದೆ ಒಂದು ಗಳವೂ ಊರಿನಿಂದ ಹೊರಗೆ ಹೋಗುವಂತಿರಲಿಲ್ಲ. ಕೊನೆಗೆ 2011ರ ಏಪ್ರಿಲ್ 27ರಂದು ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು, ಮುಖ್ಯಮಂತ್ರಿ ಪೃಥ್ವಿರಾಜ್ ಚವಾಣ್ ಅವರೊಡನೆ ಮೆಂಢಾಕ್ಕೆ ಬಂದು ಪರವಾನಗಿಯ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಒಪ್ಪಿಸಿದರು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ತೆಗೆದುಹಾಕಿದ್ದು 2017ರ ತಿದ್ದುಪಡಿ.

ಹಕ್ಕು ಸಿಕ್ಕ ಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. ಬಿದಿರಿನ ಮೆಳೆಯಲ್ಲಿ ಪ್ರತಿ ಮಳೆಗಾಲ ಹೊಸ ಕಳಲೆಗಳು ಮೂಡುತ್ತವೆ. ಎಳೆಯ ಗಳಗಳನ್ನು ಕಡಿದರೆ ಮೆಳೆ ಕ್ಷೀಣಿಸುತ್ತದೆ. ಬಲಿತವನ್ನು ಮಾತ್ರ ತೆಗೆದು, ಕಾಡನ್ನು ಭಾಗಗಳಾಗಿ ವಿಂಗಡಿಸಿ ಸರದಿಯಂತೆ ಕಡಿದರೆ ಮೆಳೆ ವರ್ಷವರ್ಷವೂ ತುಂಬಿಕೊಳ್ಳುತ್ತದೆ. ಗುತ್ತಿಗೆದಾರನಿಗೆ ಈ ವರ್ಷದ ಲಾರಿ ಮುಖ್ಯ, ಊರಿಗೆ ಮುಂದಿನ ವರ್ಷದ ಮೆಳೆ ಮುಖ್ಯ. ಗ್ರಾಮಸಭೆಯೇ ಕಟಾವು, ಹರಾಜು, ಕೂಲಿ, ಲೆಕ್ಕ ಎಲ್ಲವನ್ನೂ ನಡೆಸಿತು. ಬಂದ ಹಣ ಗ್ರಾಮಸಭೆಯ ಖಾತೆಗೆ ಸೇರಿ ಊರವರಿಗೆ ಕೆಲಸ ಒದಗಿಸಿತು. ಕಾಡನ್ನು ಉಳಿಸುವುದೂ ಕಾಡಿನಿಂದ ಬದುಕುವುದೂ ಒಂದೇ ಕೆಲಸದ ಎರಡು ಮುಖಗಳಾದವು.

2013ರಲ್ಲಿ ಊರು ಇನ್ನೊಂದು ಹೆಜ್ಜೆ ಇಟ್ಟಿತು. ತಮ್ಮ ತಮ್ಮ ಹೆಸರಿನಲ್ಲಿದ್ದ ಸಾಗುವಳಿಯ ಜಮೀನನ್ನೂ 1964ರ ಅಧಿನಿಯಮದಂತೆ ಗ್ರಾಮದಾನವಾಗಿ ಒಪ್ಪಿಸಲು ಊರವರು ನಿರ್ಧರಿಸಿದರು. ಸುತ್ತಲಿನ ಕಾಡು ಸಮುದಾಯದ್ದಾಗಿ, ಒಳಗಿನ ಹೊಲಗಳು ಒಂದೊಂದಾಗಿ ಹೊರಗಿನವರಿಗೆ ಮಾರಾಟವಾದರೆ, ಒಂದು ತಲೆಮಾರಿನಲ್ಲಿ ಸಭೆಯಲ್ಲಿ ಕೂಡುವವರೇ ಬದಲಾಗಿಬಿಡುತ್ತಾರೆ ಎಂಬ ಮುಂದಾಲೋಚನೆ ಇದರಲ್ಲಿತ್ತು. ಈ ನಿರ್ಧಾರ ಪೂರ್ಣವಾಗಿ ಜಾರಿಗೆ ಬರಲು ವರ್ಷಗಳೇ ಹಿಡಿದವು. ಅದಕ್ಕಾಗಿ ಊರು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಅಲ್ಲಿಯವರೆಗೂ ಸಭೆ ನಡೆಯುತ್ತಲೇ ಇತ್ತು.

ಕಟ್ಟುಪಾಡುಗಳ ವಿವೇಚನೆ

ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಎಲ್ಲರಿಗೂ ತೆರೆದ ಹುಲ್ಲುಗಾವಲು ಅನಿವಾರ್ಯವಾಗಿ ಹಾಳಾಗುತ್ತದೆ ಎಂದು ವಾದಿಸಿದ್ದ. ಪ್ರತಿಯೊಬ್ಬನೂ ಇನ್ನೊಂದು ದನವನ್ನು ಸೇರಿಸುತ್ತಾನೆ, ಲಾಭ ಅವನದು, ನಷ್ಟ ಎಲ್ಲರದು ಎಂಬುದು ಅವನ ತರ್ಕ. ಎಲಿನರ್ ಆಸ್ಟ್ರಮ್ ಎಂಬ ವಿದ್ವಾಂಸೆ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಕಾಡು, ಸ್ಪೇನಿನ ಕಾಲುವೆಗಳ ಚರಿತ್ರೆಯನ್ನು ಪರಿಶೀಲಿಸಿ, 1990ರ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟಳು. ಎಲ್ಲೆ ಸ್ಪಷ್ಟವಾಗಿದ್ದು, ನಿಯಮ ಸ್ಥಳಕ್ಕೆ ಹೊಂದುವಂತಿದ್ದು, ಅದನ್ನು ಬಳಕೆದಾರರೇ ರೂಪಿಸಿ ಅವರೇ ಕಾವಲಿದ್ದು, ತಪ್ಪಿಗೆ ತಕ್ಕ ದಂಡವಿದ್ದು, ಸರ್ಕಾರ ಅವರ ಅಧಿಕಾರವನ್ನು ಮಾನ್ಯಮಾಡಿದಲ್ಲಿ ಊರೊಟ್ಟಿನ ಸಂಪತ್ತು ಶತಮಾನಗಳವರೆಗೆ ಉಳಿದಿದೆಯೆಂದು ತೋರಿಸಿದಳು. ಮೆಂಢಾಕ್ಕೆ ಹಕ್ಕುಪತ್ರ ದೊರೆತ 2009ರಲ್ಲಿಯೇ ಆಕೆಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಹಾರ್ಡಿನ್ ವರ್ಣಿಸಿದ್ದು ಸಭೆಯಿಲ್ಲದ ಮಾಳವನ್ನು. ಆಸ್ಟ್ರಮ್ ವರ್ಣಿಸಿದ್ದು ಸಭೆಯಿದ್ದ ಮಾಳವನ್ನು.

ನಾನ್ನಜದ ಪಾಠ

ಸಭೆಯನ್ನು ಕೇಳದೆ ಎಲ್ಲೆ ಎಳೆದರೆ ಏನಾಗುತ್ತದೆಂಬುದಕ್ಕೆ ಸೊಲ್ಲಾಪುರದ ಹತ್ತಿರವೇ ಉದಾಹರಣೆಯಿದೆ. ನಾನ್ನಜದ ಹುಲ್ಲುಗಾವಲು ಮಾಳಢೋಕ ಹಕ್ಕಿಗೆ ಹೆಸರಾಗಿತ್ತು. ಈ ಹಕ್ಕಿಯ ಮರಾಠಿ ಹೆಸರಿನಲ್ಲಿಯೂ ಕನ್ನಡದ ಗೋಮಾಳದಲ್ಲಿಯೂ ‘ಮಾಳ’ ಎಂಬ ಒಂದೇ ಪದ ಇರುವುದು, ಬಯಲುಸೀಮೆಯ ಈ ಎರಡು ಭಾಷೆಗಳ ನೆಲ ಒಂದೇ ಎಂಬುದನ್ನು ನೆನಪಿಸುತ್ತದೆ. 1970ರ ದಶಕದಲ್ಲಿ ಬರಪೀಡಿತ ಪ್ರದೇಶಗಳ ಯೋಜನೆಯಡಿ ಮೇಯಿಸುವಿಕೆಯಿಂದ ರಕ್ಷಿಸಿದ ತಾಕುಗಳಲ್ಲಿ ಹುಲ್ಲು ಚೇತರಿಸಿಕೊಂಡು, ಹಕ್ಕಿ ಅಲ್ಲಿ ಮೊಟ್ಟೆಯಿಟ್ಟು ಮರಿಮಾಡಿತು.

1979ರಲ್ಲಿ ಸೊಲ್ಲಾಪುರ ಮತ್ತು ಆಗಿನ ಅಹಮದನಗರ ಜಿಲ್ಲೆಗಳಲ್ಲಿ ಸುಮಾರು 8,496 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಆ ಎಲ್ಲೆಯೊಳಗೆ ಅಸಂಖ್ಯ ಹಳ್ಳಿಗಳು, ಖಾಸಗಿ ಹೊಲಗಳು, ಪಟ್ಟಣಗಳು ಕೂಡ ಬಂದವು. ಹಕ್ಕಿ ನಿಜವಾಗಿ ಬಾಳುತ್ತಿದ್ದ ಹುಲ್ಲುಗಾವಲು ಅದರಲ್ಲೊಂದು ಸಣ್ಣ ಭಾಗ. ತಮ್ಮದೇ ಹೊಲದ ವ್ಯವಹಾರಕ್ಕೆ ಅಡ್ಡಿಯಾದ ಎಲ್ಲೆಯ ಮೇಲೆ ರೈತರಿಗೆ ಮುನಿಸು ಹುಟ್ಟಿತು, ಆ ಮುನಿಸು ಹಕ್ಕಿಯ ಮೇಲೆಯೂ ತಿರುಗಿತು. ಮುಂದೆ ಸರ್ವೋಚ್ಚ ನ್ಯಾಯಾಲಯದ ಅನುಮತಿಯೊಡನೆ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಈ ನಡುವೆ ಹೊಲಗಳ ಬೆಳೆ ಬದಲಾಯಿತು, ಮಾಳಗಳು ಒಡೆದುಹೋದವು. ಕೃಷ್ಣಮೃಗ, ತೋಳಗಳು ನಾನ್ನಜದಲ್ಲಿ ಇಂದಿಗೂ ಇವೆ. ಮಾಳಢೋಕ ಕಾಣಸಿಗುವುದೇ ದುರ್ಲಭ. ಹಕ್ಕಿ ಮರೆಯಾಗಲು ಬೇರೆ ಕಾರಣಗಳೂ ಇವೆ. ಆದರೆ ಮೆಂಢಾದಲ್ಲಿ ಎರಡು ದಶಕಗಳ ಸಭೆಯ ಬಳಿಕ ಎಲ್ಲೆ ಬಂದಿತು, ಇಲ್ಲಿ ಮೊದಲೇ ಎಲ್ಲೆ ಬಂದು ಸಭೆ ಬಾರದೇ ಹೋಯಿತೆಂಬ ಅಂತರ ಕಡಿಮೆಯದಲ್ಲ.

ಉಪಸಂಹಾರ

ಮೇಲಿನ ವಿವರಗಳಿಂದ ಯಾವುದೇ ಭೂನ್ಯಾಸವನ್ನು ಅಳೆಯಲು ಮೂರು ಪ್ರಶ್ನೆಗಳು ದೊರೆಯುತ್ತವೆ. ನೆಲ ಕೈತಪ್ಪದಂತೆ ಕಾನೂನಿನ ಬಂಧನ ಇದೆಯೇ? ಆ ನೆಲವನ್ನು ನಂಬಿದವರಿಗೆ ಅದರಿಂದ ಜೀವನ ನಡೆಯುತ್ತದೆಯೇ? ನಿಯಮ ಮಾಡುವ ಸಭೆಯಲ್ಲಿ ಅವರಿಗೆ ಸ್ಥಾನ ಇದೆಯೇ? ಜಾರ್ಜಿಯಾದಲ್ಲಿ ಜೀವನವೂ ಸ್ಥಾನವೂ ಇದ್ದವು, ಬಂಧನ ಸಡಿಲವಾಗಿತ್ತು. ನಾನ್ನಜದಲ್ಲಿ ಬಂಧನ ಬಿಗಿಯಾಗಿತ್ತು, ಉಳಿದೆರಡು ಇರಲಿಲ್ಲ. ಮೆಂಢಾದಲ್ಲಿ ಮೂರೂ ಕೂಡಿಬಂದವು. ಮೆಂಢಾದ ಮಾದರಿಯನ್ನು ಬಯಲುಸೀಮೆಗೆ ಹಾಗೆಯೇ ತರಲಾಗದು. ಅಲ್ಲಿನದು ಒಂದೇ ಸಮುದಾಯದ ಕಾಡಿನ ಊರು. ಇಲ್ಲಿನ ಹಳ್ಳಿಗಳಲ್ಲಿ ಜಾತಿಗಳು ಹಲವು, ಗಾಯರಾನದ ಮೇಲೆ ಕುರಿಗಾರನ ಅಗತ್ಯ ಒಂದು, ಭೂಹೀನನ ಅಗತ್ಯ ಇನ್ನೊಂದು. ಇಲ್ಲಿ ಸರ್ವಸಮ್ಮತಿ ಕಷ್ಟ. ಅದಿಲ್ಲದೆ ತೆರವು ಕಾರ್ಯ ನಡೆದರೆ ಬಡವನ ಗುಡಿಸಲು ಹೋಗಿ ಬಲ್ಲಿದನ ಬೇಲಿ ಉಳಿಯುವ ಅಪಾಯವೂ ಇದೆ.

ಆದುದರಿಂದ ಮೊದಲ ಕೆಲಸ ತಿಳಿವಳಿಕೆಯದು, ಮೆಂಢಾದ ಮಾತಿನಲ್ಲಿ ಹೇಳುವುದಾದರೆ ಅಭ್ಯಾಸ ಗಟದ್ದು. ಇದರಲ್ಲಿ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಒಂದು ವಿಶೇಷ ಅನುಕೂಲವಿದೆ. ಊರ ಮುಂದಿನ ಕಲ್ಲಿನ ಮೇಲಿನ ಕನ್ನಡವನ್ನೂ ತಲಾಠಿಯ ದಫ್ತರದ ಮರಾಠಿಯನ್ನೂ ಓದಬಲ್ಲವರು ಅವರೇ. ತಮ್ಮ ಊರಿನ ಗಾಯರಾನದ ಗಟ್ ನಂಬರು ಯಾವುದು, ವಿಸ್ತೀರ್ಣ ಎಷ್ಟು, ಹಿರಿಯರು ಅದರ ದಿಣ್ಣೆ ಹಳ್ಳಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಅಲ್ಲಿ ಯಾವ ಹುಲ್ಲು ಯಾವ ತಿಂಗಳಲ್ಲಿ ಬೆಳೆಯುತ್ತದೆ, ಈಗ ಅದನ್ನು ಯಾರು ಹೇಗೆ ಬಳಸುತ್ತಿದ್ದಾರೆ ಎಂಬುದನ್ನು ಬರೆದಿಡಬಹುದು. ಶಾಸನದಲ್ಲಿ ಹೇಳಿದ ಹಳ್ಳ ಇಂದಿಗೂ ಹರಿಯುತ್ತಿದೆಯೇ ಎಂದು ಹೋಗಿ ನೋಡಬಹುದು. ಹದಿನೆಂಟು ವರ್ಷ ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸಭೆ ಕರೆಯುವ ರೂಢಿಯಿದೆ. ಆ ಸಭೆಗೆ ಹೋಗಿ, ಬರೆದಿಟ್ಟುಕೊಂಡ ಮಾಹಿತಿಯನ್ನು ಓದಿ ಹೇಳಿ, ಊರಿನ ಗಾಯರಾನದ ಕುರಿತು ಒಂದು ಪ್ರಶ್ನೆ ಕೇಳಿದರೂ ಪಾಲನೆಯ ಕೆಲಸ ಆರಂಭವಾಗುತ್ತದೆ.